ಹತ್ತು ನಂಬರಿನ ಸಾಕೆಟ್ಟಿಗೆ ಎಷ್ಟು?

ಬೆಳಗಿನಿಂದ ಸಂಜೆವರೆಗೆ ಬೈಕು ಬಿಚ್ಚಿ ಕಟ್ಟುವ ನಮ್ಮ ಬೀದಿಯ ಮೆಕ್ಯಾನಿಕ್ಕಿನ ಸಾಮಾನೆಲ್ಲ ಗ್ರೀಸು ಮೆತ್ತಿದ ಒಂದು ತಗಡಿನ ಡಬ್ಬಿಯಲ್ಲಿದೆ. ನಾಲ್ಕಾರು ಟಿ ಸ್ಪ್ಯಾನರು, ಒಂದಕ್ಕೊಂದು ಸಂಬಂಧವಿಲ್ಲದ ಕಂಪನಿಗಳ ಸಾಕೆಟ್ಟು, ಹಿಡಿ ಸೀಳಿದ ಸ್ಕ್ರೂಡ್ರೈವರು. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಸಾಫ್ಟ್‌ವೇರ್ ಹುಡುಗ ತನ್ನ ಬೈಕಿಗೆ ಕೈ ಹಾಕುವುದು ವರ್ಷಕ್ಕೆ ಎರಡೋ ಮೂರೋ ಭಾನುವಾರ. ಅವನ ಪೆಟ್ಟಿಗೆ ಜರ್ಮನಿಯದು. ಒಳಗೆ ಒಂದೊಂದು ಸಾಕೆಟ್ಟಿಗೂ ಅದರದೇ ಅಳತೆಯ ಗೂಡು. ಹೊಟ್ಟೆಪಾಡು ಇದರಲ್ಲೇ ಇರುವವನ ಬಳಿ ಅಗ್ಗದ್ದು, ಹೊತ್ತು ಕಳೆಯಲು ಬೇಕಾದವನ ಬಳಿ ದುಬಾರಿಯದು. ಎಲ್ಲೋ ಅದಲುಬದಲಾಗಿದೆ ಅನ್ನಿಸಿ ಬರೆದಿಡತೊಡಗಿದೆ. ನಾನು ಇವರಿಬ್ಬರ ಪೈಕಿ ಅಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುವವನು, ಬೇಡದ ಪ್ರಶ್ನೆ ಕೇಳುವವನು.

*

ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಕಾಲಿಂಚು ಡ್ರೈವಿನ ‘46 ಪೀಸ್’ ಪೆಟ್ಟಿಗೆಯನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ. ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಒಂದೇ. 46 ಅಂದರೆ 46 ಸಾಕೆಟ್ಟು ಅಂದುಕೊಳ್ಳಬಾರದು. ಸಾಕೆಟ್ಟು 13. ಉಳಿದದ್ದೆಲ್ಲ ಸ್ಕ್ರೂಡ್ರೈವರಿನ ಪುಟ್ಟ ಬಿಟ್ಟುಗಳು, ಮೂರು ಅಲೆನ್ ಕೀ, ಎಕ್ಸ್‌ಟೆನ್ಷನ್, ಒಂದು ಹಿಡಿ, ಹಿಂದಕ್ಕೆ ತರುವಾಗ ಕಟಕಟ ಎಂದು ನಟ್ಟನ್ನು ಬಿಟ್ಟು ಬರುವ ಒಂದು ರ‍್ಯಾಚೆಟ್. ಸಂಖ್ಯೆ ದೊಡ್ಡದಾಗಲು ಯಾರನ್ನೆಲ್ಲ ಸೇರಿಸಿಕೊಳ್ಳಬೇಕೋ ಸೇರಿಸಿಕೊಂಡಿದ್ದಾರೆ.

ಅಳತೆ 4 ಮಿಲಿಮೀಟರಿನಿಂದ 14ರವರೆಗೆ. ನಡುವೆ 4.5 ಕೂಡ ಇದೆ. 4.5ನ್ನು ಯಾವುದಕ್ಕೆ ಬಳಸಿದಿರಿ ಅಂತ ಕೇಳಿದವರೆಲ್ಲ ನಕ್ಕರು, ಉತ್ತರ ಕೊಡಲಿಲ್ಲ. 16 ಇಲ್ಲ. ಆದರೆ ಸ್ಪ್ಲೆಂಡರ್ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಲು ಬೇಕಾಗಿರುವುದೇ 16, ಅದೂ ಉದ್ದನೆಯದು. ಈ ದೇಶದಲ್ಲಿ ಮನೆಯಲ್ಲೇ ಗಾಡಿ ರಿಪೇರಿಗೆ ಕೂತವನು ಮೊದಲು ಬಿಚ್ಚುವ ವಸ್ತುವಿಗೇ ಈ ಪೆಟ್ಟಿಗೆಯಲ್ಲಿ ಜಾಗವಿಲ್ಲ.

*

ನಂಬರುಗಳ ಬಗ್ಗೆ. 8 ಎಂಎಂ ದಪ್ಪದ ಬೋಲ್ಟಿನ ತಲೆ ಯುರೋಪಿನ ಗಾಡಿಯಲ್ಲಿ 13, ಜಪಾನಿನ ಗಾಡಿಯಲ್ಲಿ 12. 10 ಎಂಎಂ ಬೋಲ್ಟಿಗೆ ಹಳೆಯ ಜರ್ಮನ್ ಪದ್ಧತಿಯಲ್ಲಿ 17, ಈಗಿನ ಅಂತರರಾಷ್ಟ್ರೀಯ ಪದ್ಧತಿಯಲ್ಲಿ 16, ಜಪಾನಿನಲ್ಲಿ 14. ನಮ್ಮ ರಸ್ತೆಯ ಬಹುಪಾಲು ಗಾಡಿಗಳು ಹೋಂಡಾ, ಸುಜುಕಿ ವಂಶದವಾದ್ದರಿಂದ 8, 10, 12, 14, 17 ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಹುಡುಗನ ಜರ್ಮನ್ ಪೆಟ್ಟಿಗೆಯಲ್ಲಿ 13, 16, 18 ಅಂಗಡಿಯಿಂದ ತಂದ ಹೊಳಪಿನಲ್ಲೇ ಇವೆ. 12 ಮಾತ್ರ ಕಪ್ಪಾಗಿದೆ.

ಇನ್ನೊಂದು ವಿಚಿತ್ರ. ಬೋಲ್ಟಿನ ಕಡೆ ಎಲ್ಲವೂ ಮಿಲಿಮೀಟರು. ರ‍್ಯಾಚೆಟ್ ಕೂರುವ ಚೌಕದ ಕಡೆ ಎಲ್ಲವೂ ಇಂಚು: ಕಾಲು, ಮೂರೆಂಟಾಂಶ, ಅರ್ಧ, ಮುಕ್ಕಾಲು. ಜರ್ಮನಿಯಲ್ಲೂ ಹೀಗೇ, ಜಪಾನಿನಲ್ಲೂ ಹೀಗೇ. ನಮ್ಮಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಅಂಗಡಿಯಲ್ಲಿ ಇವತ್ತಿಗೂ ‘ಹಾಫ್ ಇಂಚಿಂದು 17 ಎಂಎಂ ಕೊಡಿ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಯಾರಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ.

*

ಅಗ್ಗದ 10ನ್ನೂ ದುಬಾರಿ 10ನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದೆ. ಎರಡರ ಮೇಲೂ ಕ್ರೋಮ್ ವೆನೇಡಿಯಂ ಎಂದು ಅಚ್ಚು. ಈ ಉಕ್ಕಿನಲ್ಲಿ ಕ್ರೋಮಿಯಂ ಇರುವುದು ನೂರಕ್ಕೆ ಒಂದರಷ್ಟು, ವೆನೇಡಿಯಂ ಅದಕ್ಕಿಂತ ಎಷ್ಟೋ ಕಡಿಮೆ. ಅಚ್ಚು ಹಾಕಲು ಯಾರಪ್ಪಣೆಯೂ ಬೇಡ. ವ್ಯತ್ಯಾಸ ಬರುವುದು ಕಾಯಿಸಿ ತಣಿಸುವ ಹದದಲ್ಲಿ. ಮೆತ್ತಗಾದರೆ ಒಳಮೂಲೆ ಸವೆಯುತ್ತದೆ, ಗಡುಸಾದರೆ ಸೀಳುತ್ತದೆ. ಆ ಹದ ಕಣ್ಣಿಗೆ ಕಾಣುವುದಿಲ್ಲ, ಪೆಟ್ಟಿಗೆಯ ಮೇಲೆ ಬರೆದಿರುವುದೂ ಇಲ್ಲ.

ಕಾಣುವ ವ್ಯತ್ಯಾಸ ಇದು: ದುಬಾರಿಯದರ ಗೋಡೆ ತೆಳ್ಳಗಿದೆ. ಹೆಚ್ಚು ದುಡ್ಡಿಗೆ ಕಡಿಮೆ ಕಬ್ಬಿಣ! ಮೊದಲು ನಗು ಬಂತು. ಆಮೇಲೆ ಹುಡುಗ ಸೈಲೆನ್ಸರಿನ ಪಕ್ಕದ ಬೋಲ್ಟಿಗೆ ಎರಡನ್ನೂ ಹಾಕಿ ತೋರಿಸಿದ. ದಪ್ಪ ಗೋಡೆಯದು ಸಂದಿಯೊಳಗೆ ಇಳಿಯಲೇ ಇಲ್ಲ.

ಹತ್ತು ಅಂದರೆ ಹತ್ತಲ್ಲ ಎಂಬುದೂ ಗೊತ್ತಾಯಿತು. ಸಾಕೆಟ್ಟು ಹತ್ತಕ್ಕಿಂತ ಕೂದಲೆಳೆ ದೊಡ್ಡದಿರಲೇಬೇಕು, ಇಲ್ಲದಿದ್ದರೆ ತಲೆಗೆ ಕೂರುವುದಿಲ್ಲ. ಬೋಲ್ಟಿನ ತಲೆ ಹತ್ತಕ್ಕಿಂತ ಕೂದಲೆಳೆ ಚಿಕ್ಕದಿರಬಹುದು. ಎರಡೂ ಕಡೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಒಳ್ಳೆಯ ತಯಾರಕ ಈ ಸಡಿಲನ್ನು ಸಾಧ್ಯವಾದಷ್ಟು ಕಡಿಮೆ ಮಾಡುತ್ತಾನೆ. ಅಗ್ಗದವನು ಅನುಮತಿ ಇರುವಷ್ಟನ್ನೂ ಬಳಸಿಕೊಳ್ಳುತ್ತಾನೆ, ಕೆಲವೊಮ್ಮೆ ಆಚೆಗೂ ಹೋಗುತ್ತಾನೆ. 19 ನಂಬರಿನ ಚಕ್ರದ ನಟ್ಟಿಗೆ ಇಷ್ಟು ಸಡಿಲು ಲೆಕ್ಕಕ್ಕಿಲ್ಲ. 8 ನಂಬರಿನ ಬೋಲ್ಟಿಗೆ ಇಷ್ಟೇ ಸಾಕು, ಮೂಲೆಗಳು ಹೋಗಿ ತಲೆ ಉರುಟಾಗಲು. ಅಂದಮೇಲೆ ದುಡ್ಡು ಹಾಕಬೇಕಾದ್ದು ಚಿಕ್ಕ ಸಾಕೆಟ್ಟುಗಳಿಗೆ. ಜನ ತೂಕ ನೋಡಿ ದೊಡ್ಡವಕ್ಕೆ ಹಾಕುತ್ತಾರೆ.

ಒಳಗೆ ಆರು ಮೂಲೆಯದು, ಹನ್ನೆರಡು ಮೂಲೆಯದು ಎಂದು ಎರಡು ಬಗೆ. ಹನ್ನೆರಡರದು ಬೇಗ ಕೂರುತ್ತದೆ, ಆದರೆ ಹಿಡಿಯುವುದು ಮೂಲೆಯ ತುದಿಯನ್ನು. ಜಂಗು ಹಿಡಿದ ಗಾಡಿಗೆ ಆರು ಮೂಲೆಯದೇ ಸರಿ. ಇದರಲ್ಲಿ ಅಗ್ಗ–ದುಬಾರಿ ಚರ್ಚೆಯೇ ಬೇಡ. ಅಗ್ಗದ ಆರು ಮೂಲೆ, ದುಬಾರಿ ಹನ್ನೆರಡು ಮೂಲೆಗಿಂತ ವಾಸಿ.

*

ನಿಜವಾದ ಅಂತರ ರ‍್ಯಾಚೆಟ್ಟಿನಲ್ಲಿದೆ. ಅಗ್ಗದ್ದರಲ್ಲಿ ಸಾಮಾನ್ಯವಾಗಿ 24 ಹಲ್ಲು: ಒಂದು ಹಲ್ಲು ದಾಟಲು ಹಿಡಿಯನ್ನು 15 ಡಿಗ್ರಿ ಎಳೆಯಬೇಕು. 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಬಯಲಲ್ಲಿ ಇದರಿಂದ ಏನೂ ಆಗಬೇಕಾದ್ದಿಲ್ಲ. ಸ್ಕೂಟರಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಕೈ ತೂರಿಸಿದಾಗ ಮಾತ್ರ ಆ ಹತ್ತು ಡಿಗ್ರಿಯ ಬೆಲೆ ತಿಳಿಯುತ್ತದೆ.

ಹಲ್ಲಿನ ಲೆಕ್ಕ ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದ ಇನ್ನೊಂದಿದೆ. ನಟ್ಟು ಸಡಿಲಾದ ಮೇಲೆ ಅಗ್ಗದ ರ‍್ಯಾಚೆಟ್ ಕಟಕಟ ಎನ್ನುವುದನ್ನೇ ನಿಲ್ಲಿಸುತ್ತದೆ. ಒಳಗಿನ ತಿಕ್ಕಾಟ ನಟ್ಟಿನ ಬಿಗಿಗಿಂತ ಹೆಚ್ಚು. ಹಾಗಾಗಿ ಹಿಡಿಯನ್ನು ಹಿಂದಕ್ಕೆ ತಂದರೆ ನಟ್ಟೂ ಹಿಂದಕ್ಕೆ ಬರುತ್ತದೆ. ಮುಂದೆ ಒಂದು ಸುತ್ತು, ಹಿಂದೆ ಒಂದು ಸುತ್ತು. ಕೊನೆಗೆ ಬೆರಳಲ್ಲೇ ತಿರುವಬೇಕು. ದುಬಾರಿಯದು ಬೆರಳಷ್ಟೇ ಹಗುರಾದ ಬಿಗಿಯಲ್ಲೂ ಹಿಂದಕ್ಕೆ ಜಾರುತ್ತದೆ. ಬಾಡಿಗೆ ಸೈಕಲ್ ಅಂಗಡಿಯ ಕಾಲದಿಂದ ಯಂತ್ರಗಳನ್ನು ನೋಡುತ್ತ ಬಂದವನು ನಾನು. ಬೆಲೆಗೆ ಸಮರ್ಥನೆಯೆಂದು ನನಗೆ ನಿಜವಾಗಿ ಒಪ್ಪಿಗೆಯಾದದ್ದು ಇದೊಂದೇ.

*

ಸಾಕೆಟ್ಟನ್ನು ಥಟ್ಟನೆ ಕಳಚುವ ರ‍್ಯಾಚೆಟ್ ತಲೆಯ ಗುಂಡಿಗೊಂದು ಕತೆಯಿದೆ. 1960ರ ದಶಕದಲ್ಲಿ ಅಮೆರಿಕದ ಸಿಯರ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಪೀಟರ್ ರಾಬರ್ಟ್ಸ್ ಎಂಬ ಹದಿಹರೆಯದ ಹುಡುಗ ಇದನ್ನು ಕಂಡುಹಿಡಿದ. ಇದಕ್ಕೇನೂ ಅಂಥ ಗಿರಾಕಿಯಿಲ್ಲವೆಂದು ನಂಬಿಸಿ ಸಿಯರ್ಸ್ ಹಕ್ಕನ್ನು ಕೊಂಡಿತು. ಒಂದು ರೆಂಚಿಗೆ 2 ಸೆಂಟ್ ರಾಯಧನ, ಒಟ್ಟು 10,000 ಡಾಲರ್ ದಾಟುವಂತಿಲ್ಲ. ರೆಂಚುಗಳು ಲಕ್ಷಗಟ್ಟಲೆ ಮಾರಾಟವಾದವು. ರಾಬರ್ಟ್ಸ್ ಕೋರ್ಟಿಗೆ ಹೋದ. ವ್ಯಾಜ್ಯ ಎಳೆದು ಎಳೆದು 1989ರಲ್ಲಿ ರಾಜಿಯಾಗುವಾಗ ಸಿಯರ್ಸ್ 80 ಲಕ್ಷ ಡಾಲರಿಗೂ ಹೆಚ್ಚು ತೆತ್ತಿತು.

ಆ ಪೇಟೆಂಟಿನ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಈಗ 46 ಪೀಸಿನ ಪೆಟ್ಟಿಗೆಯಲ್ಲೂ ಆ ಗುಂಡಿಯನ್ನು ಕಾಣಬಹುದು. ಬೋಲ್ಟನ್ನು ಮೂಲೆಯ ಬದಲು ಪಕ್ಕೆಯಲ್ಲಿ ಒತ್ತುವ ಸಾಕೆಟ್ಟಿನ ಒಳಾಕಾರವೂ ಹೀಗೆಯೇ ಅಮೆರಿಕದ ದುಬಾರಿ ಕಂಪನಿ ಸ್ನ್ಯಾಪ್-ಆನ್‌ನಿಂದ ಹೊರಟು ಎಲ್ಲರ ಸಾಕೆಟ್ಟಿಗೂ ಹರಡಿತು. ದುಬಾರಿಯವರು ಕಂಡುಹಿಡಿಯುತ್ತಾರೆ, ಅಗ್ಗದವರು ಕಾಯುತ್ತಾರೆ.

*

ಸ್ನ್ಯಾಪ್-ಆನ್ ಶುರುವಾದದ್ದು 1920ರಲ್ಲಿ, ಮಿಲ್ವಾಕಿಯಲ್ಲಿ. ಅದಕ್ಕೆ ಮೊದಲು ಹೆಚ್ಚಾಗಿ ಒಂದೊಂದು ಅಳತೆಗೂ ಹಿಡಿಸಮೇತ ಒಂದೊಂದು ರೆಂಚು. ಇವರು 5 ಹಿಡಿ, 10 ಸಾಕೆಟ್ಟು ಮಾಡಿ, ಐದೇ ಐವತ್ತರ ಕೆಲಸ ಮಾಡುತ್ತವೆ ಎಂದು ಸಾರಿದರು. ಬದಲಾಯಿಸಿ ಹಾಕಬಹುದು ಎನ್ನುವುದೇ ಅಲ್ಲಿನ ಆಕರ್ಷಣೆ.

ಈಗ ನಮ್ಮ ಮೆಕ್ಯಾನಿಕ್ಕಿನ ಟಿ ಸ್ಪ್ಯಾನರು ನೋಡಿ. ಒಂದು ಅಳತೆ, ಒಂದು ಹಿಡಿ, ಬೆಸುಗೆ ಹಾಕಿದ್ದು. ಅವನು 1920ಕ್ಕಿಂತ ಹಿಂದೆ ನಿಂತಿದ್ದಾನೆ, ಬೇಕೆಂದೇ. ‘ಬದಲಾಯ್ಸ್ತಾ ಕೂತ್ರೆ ಗಿರಾಕಿ ಎದ್ದು ಹೋಗ್ತಾನೆ ಸಾರ್,’ ಎಂದ. ಬಿಗಿ ಬಿಟ್ಟ ಮೇಲೆ ಟಿ ಸ್ಪ್ಯಾನರನ್ನು ಬೆರಳಲ್ಲಿ ಗಿರ‍್ರನೆ ತಿರುಗಿಸಿಬಿಟ್ಟರೆ ಬೋಲ್ಟು ತಾನಾಗಿ ಮೇಲೆ ಬರುತ್ತದೆ. ಯಾವ ರ‍್ಯಾಚೆಟ್ಟಿಗೂ ಆ ವೇಗವಿಲ್ಲ. ಅವನು ದಿನವಿಡೀ ಮುಟ್ಟುವುದು ನಾಲ್ಕೈದು ಅಳತೆ. ಪೆಟ್ಟಿಗೆ ಎನ್ನುವುದು ಯಾವ ಅಳತೆ ಎದುರಾಗುತ್ತದೋ ಗೊತ್ತಿಲ್ಲದವನಿಗೆ. ನಾನು ಅದಲುಬದಲು ಎಂದು ಬರೆದುಕೊಂಡದ್ದರಲ್ಲಿ ಅರ್ಧ ಇಲ್ಲೇ ನೆಟ್ಟಗಾಯಿತು.

*

ಅಮೆರಿಕದಲ್ಲಿ ಸ್ನ್ಯಾಪ್-ಆನ್ ಮಾರುವುದು ಹೆಚ್ಚಾಗಿ ವ್ಯಾನಿನಲ್ಲಿ. ಡೀಲರು ಗ್ಯಾರೇಜಿನ ಬಾಗಿಲಿಗೇ ಬರುತ್ತಾನೆ, ಮುರಿದದ್ದನ್ನು ಅಲ್ಲೇ ಬದಲಿಸಿಕೊಡುತ್ತಾನೆ, ಸಾಲವನ್ನೂ ಕೊಡುತ್ತಾನೆ. ಒಂದು ರ‍್ಯಾಚೆಟ್ಟಿಗೆ ನೂರು ಡಾಲರಿಗೂ ಮೇಲೆ ಅಂದರೆ ಅದರಲ್ಲಿ ವ್ಯಾನಿನ ಪೆಟ್ರೋಲೂ ಇದೆ. ಗಂಟೆಗಿಷ್ಟೆಂದು ದುಡಿಯುವವನಿಗೆ ಈ ಲೆಕ್ಕ ಸರಿ. ಮನೆಯಲ್ಲಿ ಬಿಚ್ಚುವವನ ಬಾಗಿಲಿಗೆ ವ್ಯಾನು ಬರುವುದಿಲ್ಲ. ಬೆಲೆ ಮಾತ್ರ ಅದೇ.

ಸಿಯರ್ಸಿನ ಸಾಮಾನಿನ ಬ್ರಾಂಡು ಕ್ರಾಫ್ಟ್ಸ್‌ಮನ್ 1927ರಿಂದ ಇದೆ. ಮುರಿದ ಸಾಕೆಟ್ಟನ್ನು ತಂದರೆ ಹೊಸದು, ಜೀವಮಾನವಿಡೀ. 2017ರಲ್ಲಿ ಬ್ರಾಂಡನ್ನು ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರಿಗೆ ಮಾರಿದರು, 2018ರಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಜೀವಮಾನ ಎಂದಾಗ ಯಾರದೆಂದು ಮೊದಲೇ ಕೇಳಬೇಕಿತ್ತೋ ಏನೋ.

*

ಬೆಂಗಳೂರಿನ ಸಂಡೇ ಬಜಾರು. ನೆಲದ ಮೇಲೆ ಹಾಸಿದ ಟಾರ್ಪಾಲಿನಲ್ಲಿ ರಾಶಿ. ‘ಗೆಡೋರ್ ಇಂಡಿಯಾ’ ಎಂದು ಅಚ್ಚೊತ್ತಿದ ಹಳೆಯ ಸ್ಪ್ಯಾನರು, ತುಕ್ಕಿನಡಿ ಹೆಸರು ಮುಚ್ಚಿಹೋದ ಸಾಕೆಟ್ಟು, ಹಳೆಯ ಬುಲೆಟ್ಟಿನವರು ಹುಡುಕಿಕೊಂಡು ಬರುವ ಬ್ರಿಟಿಷ್ ಅಳತೆಯವು. ಗೆಡೋರ್ ಮೂಲತಃ 1919ರ ಜರ್ಮನ್ ಕಂಪನಿ. ನಾಸಿಕದ ತಪಾರಿಯಾ ಸ್ವೀಡನ್ನಿನ ಬಾಹ್ಕೋ ಜೊತೆಗಿನ ತಾಂತ್ರಿಕ ಸಹಯೋಗದಿಂದ ಶುರುವಾದದ್ದು. ಆ ಬಾಹ್ಕೋ ಈಗ ಸ್ನ್ಯಾಪ್-ಆನ್ ಬಳಗದಲ್ಲಿದೆ. ಅಂದರೆ ನಮ್ಮೂರ ಹಾರ್ಡ್‌ವೇರ್ ಅಂಗಡಿಯ ಹಳದಿ ಹಿಡಿಯ ತಪಾರಿಯಾಕ್ಕೂ ಮಿಲ್ವಾಕಿಗೂ ದೂರದ ನೆಂಟಸ್ತಿಕೆ ಹೇಳಬಹುದು. ಅಗ್ಗದ ಮನೆತನ, ದುಬಾರಿ ಮನೆತನ ಎಂದು ಬೇರೆ ಬೇರೆ ಇಲ್ಲ. ತೈವಾನಿನ ತೈಚುಂಗ್ ಸುತ್ತಿನ ಕಾರ್ಖಾನೆಗಳು ಎಷ್ಟೋ ದೇಶಗಳ ಎಷ್ಟೋ ಹೆಸರುಗಳಿಗೆ ಮಾಡಿಕೊಡುತ್ತವೆ.

ರಾಶಿಯಿಂದ ಆರಿಸುವವರು ಸಾಕೆಟ್ಟಿನ ಒಳಗನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಹೊರಗನ್ನು ನೋಡುವುದೇ ಇಲ್ಲ.

*

ಹುಡುಗನಿಗೆ ಕೇಳಿದೆ: ಇಷ್ಟು ದುಡ್ಡು ಯಾಕಪ್ಪ? ‘ಅಂಕಲ್, ನಂಗೆ ಕೈ ಇಲ್ಲ. ಟೂಲ್ ಆದ್ರೂ ಚೆನ್ನಾಗಿರ್ಲಿ ಅಂತ.’ ನಾನು ನಿರೀಕ್ಷಿಸಿದ್ದಕ್ಕಿಂತ ಪ್ರಾಮಾಣಿಕ ಉತ್ತರ.

ಮೆಕ್ಯಾನಿಕ್ಕು ಬೇರೆಯದನ್ನೇ ಹೇಳಿದ. ಜಾಮ್ ಆದ ಬೋಲ್ಟಿಗೆ ಅವನು ಮೊದಲು ಬಲ ಹಾಕುವುದಿಲ್ಲ. ಸುತ್ತಿಗೆಯಲ್ಲಿ ತಲೆಗೆ ಎರಡೇಟು, ಎಣ್ಣೆ, ಒಂದು ಟೀ ಕುಡಿಯುವಷ್ಟು ಹೊತ್ತು, ಆಮೇಲೆ ಬಿಗಿ ಮಾಡುವ ದಿಕ್ಕಿಗೇ ಒಂಚೂರು. ಆಮೇಲೆ ಬಿಚ್ಚುವುದು. ‘ಸಾಮಾನು ಒಳ್ಳೇದಿದ್ರೆ ಬೋಲ್ಟ್ ಕಟ್ ಆಗತ್ತೆ ಸಾರ್,’ ಎಂದ. ತಮಾಷೆ ಅಂದುಕೊಂಡೆ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ.

6 ಎಂಎಂ ಬೋಲ್ಟಿನ ತಲೆ 10. ಅದನ್ನು ಬಿಗಿಮಾಡಬೇಕಾದದ್ದು ಸುಮಾರು 10 ನ್ಯೂಟನ್ ಮೀಟರ್. ಅರ್ಧ ಇಂಚಿನ ರ‍್ಯಾಚೆಟ್ ಕಾಲು ಮೀಟರ್ ಉದ್ದ. ತುದಿಯಲ್ಲಿ 20 ಕಿಲೋ ಭಾರದಷ್ಟು ಎಳೆದರೆ 49 ನ್ಯೂಟನ್ ಮೀಟರ್. ಬೇಕಾದದ್ದರ ಐದರಷ್ಟು. ಅಗ್ಗದ ಸಾಕೆಟ್ಟು ಇಷ್ಟಕ್ಕೆ ಮೊದಲೇ ಜಾರುತ್ತದೆ. ತಲೆ ಉರುಟಾಗುತ್ತದೆ, ಬೆರಳ ಗೆಣ್ಣು ಕಿತ್ತುಬರುತ್ತದೆ, ಆದರೆ ಬೋಲ್ಟು ಇದ್ದಲ್ಲೇ ಇರುತ್ತದೆ. ಒಳ್ಳೆಯ ಸಾಕೆಟ್ಟು ಜಾರುವುದಿಲ್ಲ. ಬೋಲ್ಟೇ ತುಂಡಾಗಿ ಅರ್ಧ ಎಂಜಿನ್ನಿನೊಳಗೆ ಉಳಿಯುತ್ತದೆ. ಅಗ್ಗದ್ದು ಮನೆಯ ಫ್ಯೂಸಿನ ಹಾಗೆ ತಾನು ಸೋತು ಉಳಿದದ್ದನ್ನು ಕಾಯುತ್ತದೆಯೋ? ಹಾಗೆಂದು ಅಗ್ಗದ್ದನ್ನು ಹೊಗಳಲಾರೆ. ಉರುಟಾದ ತಲೆಯನ್ನು ಬಿಚ್ಚಲು ವೆಲ್ಡಿಂಗಿನವನ ಬಳಿಗೆ ಹೋದವರನ್ನೂ ನೋಡಿದ್ದೇನೆ. ಆದರೆ ಕೈ ಇಲ್ಲದವನಿಗೆ ಜಾರದ ಸಾಮಾನು ಕೊಟ್ಟರೆ ಅವನ ಅಜ್ಞಾನ ನೇರವಾಗಿ ಬೋಲ್ಟಿಗೇ ತಲುಪುತ್ತದೆ ಎಂಬುದು ಹೊಸ ವಿಷಯ.

*

ಬೋಲ್ಟು ಹೀಗೆ ತುಂಡಾಗುವುದಕ್ಕೆ ಮದ್ದು ಹಿಡಿಯ ಉದ್ದದಲ್ಲಿದೆ ಅನ್ನಿಸುತ್ತದೆ, ಬೆಲೆಯಲ್ಲಲ್ಲ. ಗಿಡ್ಡ ಹಿಡಿಯ ಮೂರೆಂಟಾಂಶ ಇಂಚಿನದು ಬೈಕಿಗೂ ಚಿಕ್ಕ ಕಾರಿಗೂ ಹದವಾದ ಅಳತೆ. ನಮ್ಮ ಅಂಗಡಿಗಳಲ್ಲಿ ಅದೇ ಅಪರೂಪ. ಹಾರ್ಡ್‌ವೇರಿನವರ ಬಳಿ ಅರ್ಧ ಇಂಚು, ಆನ್‌ಲೈನಿನಲ್ಲಿ ಕಾಲಿಂಚು. ಲಾರಿ, ಟ್ರ್ಯಾಕ್ಟರಿನ ಗಿರಾಕಿಗಳು ಮೊದಲು ಬಂದರು, ಆಮೇಲೆ ಕಪಾಟು ಬದಲಾಗಲಿಲ್ಲ ಎಂಬುದು ನನ್ನ ಊಹೆ.

*

ಹುಡುಗ ಸಾಕೆಟ್ಟುಗಳನ್ನು ಮೆಕ್ಯಾನಿಕ್ಕಿನ ಮುಂದೆ ಬಿಡಿಸಿಟ್ಟ. ಅವನು ಸಾಕೆಟ್ಟು ಮುಟ್ಟಲಿಲ್ಲ. ರ‍್ಯಾಚೆಟ್ಟನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ. ‘ಇದೊಂದು ಬಿಡಿಯಾಗಿ ಕೊಡ್ತಾರಾ?’ ಕೊಡುತ್ತಾರೆ. ಬೆಲೆ ಹೇಳಿದ ಮೇಲೆ ಮೆಲ್ಲಗೆ ಗೂಡಿನಲ್ಲಿ ಇಟ್ಟ. ಆಮೇಲೆ, ಎಷ್ಟು ಬಿಗಿ ಮಾಡಬೇಕೆಂದು ಇದರಲ್ಲಿ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ. ಗೊತ್ತಾಗುವುದಿಲ್ಲ, ಅದಕ್ಕೆ ಟಾರ್ಕ್ ರೆಂಚು ಬೇಕು ಎಂದ ಹುಡುಗ. ಇಷ್ಟು ಕೊಟ್ಟರೂ ಅದು ಬರುವುದಿಲ್ಲವೇ ಎಂದು ಮೆಕ್ಯಾನಿಕ್ಕು ನನ್ನ ಕಡೆ ನೋಡಿದ.

ಹುಡುಗ ಈಗ ಟಾರ್ಕ್ ರೆಂಚು ಹುಡುಕುತ್ತಿದ್ದಾನೆ. ಅದರಲ್ಲೂ ಎರಡು ಬೆಲೆಯವು ಇವೆಯಂತೆ.