ನಡಿಗೆಯ ಜಂಭ, ಮಾತ್ರೆಯ ನಾಚಿಕೆ

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ ಎಂದು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳುತ್ತೇನೆ. ರಾತ್ರಿ ಖಿನ್ನತೆಗೆ ಮಾತ್ರೆ ನುಂಗುತ್ತೇನೆ ಎಂಬುದನ್ನು ಮಾತ್ರ ಒಡಹುಟ್ಟಿದ ತಂಗಿಗೂ ಹೇಳಿಲ್ಲ. ಮದುವೆ ಮನೆಯಲ್ಲಿ ಯಾರಾದರೂ "ಏನ್ ಸಾರ್, ಮತ್ತೆ ಲವಲವಿಕೆಯಿಂದ ಇದ್ದೀರಲ್ಲ" ಅಂದರೆ, "ಎಲ್ಲ ವಾಕಿಂಗ್ ಮಹಿಮೆ" ಎಂದು ನಕ್ಕುಬಿಡುತ್ತೇನೆ. ಬಿಪಿ ಮಾತ್ರೆ ಊಟದ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಇದು ಬೀರುವಿನಲ್ಲಿ, ಪಂಚೆಗಳ ಅಡಿಯಲ್ಲಿ. ವರ್ಷಗಟ್ಟಲೆ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ಮೇಷ್ಟ್ರ ಬೀರು ಇದು.

ಹೆಂಡತಿ ಹೋದ ಮೇಲೆ ನನಗೆ ಅಳು ಬರಲಿಲ್ಲ. ಬಂದದ್ದು ಸೊಂಟನೋವು, ಮಲಬದ್ಧತೆ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಪತ್ರಿಕೆ ಬಿಡಿಸದೆ ಹಾಗೇ ಬಿದ್ದಿರುತ್ತಿತ್ತು. "ವಯಸ್ಸಾಯ್ತಲ್ಲಪ್ಪಾ" ಅಂದ ಮಗ. ಆ ಮಾತು ನನಗೂ ಅನುಕೂಲವಾಗಿಯೇ ಇತ್ತು. ಮುಪ್ಪು ಎಂದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಸೊಂಟ ತೋರಿಸಲು ಹೋದರೆ ವೈದ್ಯರು ಹೌದು-ಇಲ್ಲ ಎಂದು ಗುರುತು ಹಾಕುವ 15 ಪ್ರಶ್ನೆಗಳ ಹಾಳೆಯೊಂದನ್ನು ಮುಂದಿಟ್ಟರು. ಹಿರಿಯರ ಖಿನ್ನತೆ ಅಳೆಯಲೆಂದೇ ಮಾಡಿದ ಪಟ್ಟಿಯಂತೆ ಅದು. ಅದರಲ್ಲಿ ಸೊಂಟದ ಸುದ್ದಿಯೇ ಇರಲಿಲ್ಲ.

2017-18ರಲ್ಲಿ ನಡೆದ ಭಾರತದ ವೃದ್ಧಾಪ್ಯ ಸಮೀಕ್ಷೆಯಲ್ಲಿ, 60 ದಾಟಿದವರ ಪೈಕಿ ತಮಗೆ ಖಿನ್ನತೆ ಇರುವುದು ಪತ್ತೆಯಾಗಿದೆ ಎಂದು ತಾವಾಗಿ ಹೇಳಿದವರು ಶೇ. 0.8. ಪ್ರಶ್ನೆ ಕೇಳಿ ಲಕ್ಷಣ ಹುಡುಕಿದಾಗ ಸಿಕ್ಕವರು ಶೇ. 8.3. ತಮಗೇನಾಗಿದೆ ಎಂದು ತಿಳಿಯದವರೇ ಇವರಲ್ಲಿ ಹೆಚ್ಚಿರಬಹುದು. ತಿಳಿದೂ ಬಾಯಿ ಬಿಡದ ನನ್ನಂಥವರೂ ಒಂದಿಷ್ಟು ಇದ್ದೇ ಇರುತ್ತಾರೆ.

ವೈದ್ಯರು ಮಾತ್ರೆಯನ್ನೂ ಬರೆದರು, ನಡಿಗೆಯನ್ನೂ ಹೇಳಿದರು. ಮಾತ್ರೆ ನುಂಗುವುದೇನು ಕಷ್ಟವಲ್ಲ. ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಬಹಳ ಹೊತ್ತು ಕೂತಿರುತ್ತಿದ್ದೆ. ಕಾಲಿಗೆ ಏನೂ ಆಗಿರಲಿಲ್ಲ. ಲೇಸು ಕಟ್ಟಿದರೆ ಏಳಬೇಕು, ಎದ್ದರೆ ಗೇಟು ತೆಗೆಯಬೇಕು, ತೆಗೆದರೆ ಎದುರು ಮನೆಯವರಿಗೆ ಮುಖ ಕೊಡಬೇಕು. ಏಳುವ ಮನಸ್ಸನ್ನೇ ಕಸಿದುಕೊಳ್ಳುವ ಕಾಯಿಲೆಗೆ ಎದ್ದು ನಡೆಯುವುದೇ ಮದ್ದು ಎಂದರೆ ಏನು ಮಾಡುವುದು? ನನ್ನನ್ನು ಎಬ್ಬಿಸಿದವರು ಪಕ್ಕದ ಬೀದಿಯ ನಿವೃತ್ತ ಬಸ್ ಡ್ರೈವರ್. ಗೇಟಿನ ಹತ್ತಿರ ನಿಂತು, "ಮೇಷ್ಟ್ರೇ, ಗಾಡಿ ಬಿಡ್ತಾ ಇದೀನಿ, ಬರೋದಾದ್ರೆ ಬನ್ನಿ" ಎಂದು ಗದರುತ್ತಿದ್ದರು. ಲೇಸು ಕಟ್ಟುತ್ತಿದ್ದೆ. ಅವರು ಊರಿಗೆ ಹೋದ ದಿನ ಈಗಲೂ ಶೂ ಗೂಡಿನಲ್ಲೇ ಉಳಿಯುತ್ತದೆ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಖಿನ್ನತೆಯಿದ್ದ, 50 ದಾಟಿದ 156 ಜನರನ್ನು ಮೂರು ಗುಂಪು ಮಾಡಿ ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಾಲಿನ್ ಮಾತ್ರೆ, ಇನ್ನೊಂದಕ್ಕೆ ಎರಡನ್ನೂ ಕೊಟ್ಟರು. 16 ವಾರದ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಬೇಗ ಗುಣ ಕಂಡದ್ದು ಮಾತ್ರೆಯವರಲ್ಲಿ. ಓದಿ ಹಿಗ್ಗಿದೆ. ವ್ಯಾಯಾಮ ಮಾಡಿದವರೆಲ್ಲ ತರಬೇತುದಾರರ ಕಣ್ಣೆದುರು, ಗುಂಪಿನಲ್ಲಿ ಮಾಡಿದ್ದರು ಎಂಬ ಸಾಲಿನ ಮೇಲೆ ಮಾತ್ರ ಕಣ್ಣು ನಿಲ್ಲಲೇ ಇಲ್ಲ. 2013ರಲ್ಲಿ ಇಂಗ್ಲೆಂಡಿನ 78 ವೃದ್ಧಾಶ್ರಮಗಳ ಅಧ್ಯಯನದ ಫಲಿತಾಂಶ ಬಂತು. ಅಲ್ಲಿನ ಹಣ್ಣು ಹಣ್ಣು ಮುದುಕರಿಗೆ ವಾರಕ್ಕೆರಡು ಸಲ ವ್ಯಾಯಾಮ ಮಾಡಿಸಿದರೂ ಖಿನ್ನತೆ ಇಳಿಯಲಿಲ್ಲ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ, ಮೊದಲನೆಯದನ್ನು ಕಂಡಕಂಡವರಿಗೆಲ್ಲ ಹೇಳುತ್ತೇನೆ.

ಯಾಕೆ ಹೀಗೆ? ನಡಿಗೆ ನಾನು ಬೆವರು ಸುರಿಸಿ ಗಳಿಸಿದ್ದು, ಮಾತ್ರೆ ಯಾರೋ ದಾನ ಕೊಟ್ಟದ್ದು ಎಂಬ ಭಾವನೆ ಒಳಗೆಲ್ಲೋ ಕೂತಿದೆ. ನಡೆಯುವವನು ಗಟ್ಟಿಗ, ಮಾತ್ರೆ ನುಂಗುವವನು ಸೋತವನು. ಇದು ಶುದ್ಧ ಅಹಂಕಾರ. ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಯಾವುದು? ಮಾತ್ರೆಯೋ, ಕಾಲೋ, ಡ್ರೈವರ್ ಸಾಹೇಬರ ಗದರಿಕೆಯೋ? ಮೂರನ್ನೂ ಬಿಡಿಸಿ ತೂಗಲಾರೆ. ಮೂರರಲ್ಲಿ ಒಂದನ್ನೇ ಊರಿಗೆ ತೋರಿಸಿ ಮೆರೆಯುತ್ತಿರುವುದಂತೂ ನಿಜ. "ವಾಕಿಂಗ್ ಮಹಿಮೆ" ಕೇಳಿದವರಲ್ಲಿ ಯಾರಾದರೂ ನುಂಗುತ್ತಿದ್ದ ಮಾತ್ರೆ ಬಿಟ್ಟು ಬರೀ ನಡೆಯತೊಡಗಿದರೆ ಎಂದು ಯೋಚಿಸಿದಾಗ ಈ ಗುಟ್ಟು ಬರೀ ನನ್ನದಲ್ಲ ಅನ್ನಿಸಿತು. ಅದಕ್ಕೇ ಇಷ್ಟು ಬರೆದೆ.

ವ್ಯಾಯಾಮ ಬೇಡ ಅನ್ನುತ್ತಿಲ್ಲ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಮಾಡಬೇಕು, ಜೊತೆಗೆ ಸ್ನಾಯುಬಲಕ್ಕೂ ಸಮತೋಲಕ್ಕೂ ಅಭ್ಯಾಸ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ನಾನೂ ಮಾಡುತ್ತೇನೆ, ಮೊಮ್ಮಗಳು ಎಣಿಸುತ್ತಾಳೆ, ಮೋಸ ಮಾಡಲು ಬಿಡುವುದಿಲ್ಲ.

ನಿಮ್ಮ ಮನೆಯ ಹಿರಿಯರು ಮೂಲೆ ಹಿಡಿದಿದ್ದರೆ "ವಾಕಿಂಗ್ ಹೋಗಿ" ಅನ್ನಬೇಡಿ. ನೀವೇ ಚಪ್ಪಲಿ ಮೆಟ್ಟಿ "ಬನ್ನಿ, ಹೋಗೋಣ" ಅನ್ನಿ. ವೈದ್ಯರು ಬರೆದ ಮಾತ್ರೆಯನ್ನು ಅವರ ಅನುಮತಿಯಿಲ್ಲದೆ ನಿಲ್ಲಿಸಬೇಡಿ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.