ಹೆಸರಿಲ್ಲದ ಜ್ವರ

ಜ್ವರ ಬಂದರೆ ನನಗೆ ಮೊದಲು ಬೇಕಾಗುವುದು ಗುಳಿಗೆಯಲ್ಲ, ಹೆಸರು. ಎರಡು ದಿನ ಮೈ ಕಾದರೂ ಇದು ಇಂಥದ್ದೇ ಅಂತ ಯಾರೂ ಹೇಳದಿದ್ದರೆ ಒಳಗೊಳಗೇ ಸಿಟ್ಟು ಬರುತ್ತದೆ. ರಕ್ತ ತಪಾಸಣೆಯ ಚೀಟಿ ಕೈಗೆ ಬಂದ ಮೇಲೆ ಮೈಯ ಕಾವು ಇಳಿಯದಿದ್ದರೂ ಮನಸ್ಸಿನದು ಇಳಿಯುತ್ತದೆ. ಉಪ್ಪಿನಬೆಟಗೇರಿಯ ನಮ್ಮ ಮನೆಯ ಟ್ರಂಕಿನಲ್ಲಿ ಅಂಥ ಚೀಟಿಗಳ ಒಂದು ಕಟ್ಟೇ ಇದೆ. ಬಹುಪಾಲು ವಿಡಾಲ್ ಪರೀಕ್ಷೆಯವು, ಹೆಚ್ಚುಕಡಿಮೆ ಎಲ್ಲದರಲ್ಲೂ ಅವೇ ಅಂಕಿ. ಅವನ್ನು ನಂಬುವುದಾದರೆ ನನಗೆ ಮಳೆಗಾಲಕ್ಕೊಮ್ಮೆ ಟೈಫಾಯ್ಡ್ ಬಂದಿದೆ.

ಫರ್ನಾಂಡ್ ವಿಡಾಲ್ ಎಂಬ ಪ್ಯಾರಿಸ್ಸಿನ ವೈದ್ಯ 1896ರಲ್ಲಿ ಬಳಕೆಗೆ ತಂದ ಪರೀಕ್ಷೆ ಅದು. ಲ್ಯಾಬಿನ ಹುಡುಗ ಮಾಡುವುದನ್ನು ಮೇಜಿನ ಈಚೆ ನಿಂತು ನೋಡಿದ್ದೇನೆ. ರಕ್ತ ಹೆಪ್ಪುಗಟ್ಟಿದ ಮೇಲೆ ತೇಲಿ ನಿಲ್ಲುವ ಹಳದಿ ಸೀರಮ್ಮಿನ ಹನಿಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ದ್ರಾವಣ ಬೆರೆಸುತ್ತಾನೆ. ನೀಲಿಯದರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾದ ಮೈಯ ಅಂಶ, ಕೆಂಪಿನದರಲ್ಲಿ ಅದರ ಬಾಲದ್ದು. ಸ್ಲೈಡನ್ನು ಸ್ವಲ್ಪ ಹೊತ್ತು ಅತ್ತಿತ್ತ ಆಡಿಸಿ ಬೆಳಕಿಗೆ ಹಿಡಿಯುತ್ತಾನೆ. ಹನಿ ಒಡೆದ ಹಾಲಿನಂತೆ ಕಾಳುಕಾಳಾದರೆ ಪ್ರತಿಕಾಯ ಇದೆ ಎಂದು ಲೆಕ್ಕ. ಸೀರಮ್ಮನ್ನು ಎಂಬತ್ತು ಪಾಲು ತೆಳುಮಾಡಿದರೂ ಕಾಳುಗಟ್ಟಿದರೆ ಚೀಟಿಯಲ್ಲಿ 1:80 ಎಂದು ಬರೆಯುತ್ತಾರೆ.

ಇದರಲ್ಲಿ ಈಗಿನ ಜ್ವರ ಎಲ್ಲಿದೆ? ಪ್ರತಿಕಾಯ ಎಂದರೆ ರೋಗಾಣು ಅಲ್ಲ, ರೋಗಾಣುವನ್ನು ಕಂಡ ಮೇಲೆ ಮೈ ತಯಾರಿಸಿಕೊಂಡದ್ದು. ತಯಾರಾಗಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ನಿನ್ನೆ ಸಂಜೆ ಬಂದ ಜ್ವರಕ್ಕೆ ಇವತ್ತು ಬೆಳಿಗ್ಗೆ ಹನಿ ಕಾಳುಗಟ್ಟಿತು ಎಂದರೆ ಅದು ಹಳೆಯ ಯಾವುದೋ ಸುದ್ದಿ ಹೇಳುತ್ತಿರುತ್ತದೆ: ಎಂದೋ ಕುಡಿದ ಹೊಲಸು ನೀರು, ಹಾಕಿಸಿಕೊಂಡು ಮರೆತ ಲಸಿಕೆ, ಅದೇ ಕುಲದ ಮತ್ತೊಂದು ಬ್ಯಾಕ್ಟೀರಿಯಾ. ಮಲೇರಿಯಾದಲ್ಲೂ ಕಾಳುಗಟ್ಟಬಹುದು. ಟೈಫಾಯ್ಡ್ ಬೇರುಬಿಟ್ಟಿರುವ ನಮ್ಮ ಕಡೆ ಗಟ್ಟಿಮುಟ್ಟಾಗಿ ಓಡಾಡುವವರ ರಕ್ತದಲ್ಲೂ ಅಷ್ಟಿಷ್ಟು ಇರುತ್ತದೆ. ವಾರ ಹತ್ತು ದಿನ ಬಿಟ್ಟು ಮತ್ತೆ ರಕ್ತ ತೆಗೆಸಿ, ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಆ ಅಂಕಿಗೊಂದು ಬೆಲೆ. ಎರಡನೇ ಸಲ ಹೋಗುವವರು ಯಾರು? ಅಷ್ಟೊತ್ತಿಗೆ ಜ್ವರ ಬಿಟ್ಟಿರುತ್ತದೆ, ಹೊಲದಲ್ಲಿ ಕಳೆ ಎದ್ದಿರುತ್ತದೆ. ಇದಕ್ಕಿಂತ ನಂಬಬಹುದಾದದ್ದು ಬ್ಲಡ್ ಕಲ್ಚರ್. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ರಕ್ತ ಕೊಡಬೇಕು, ಉತ್ತರಕ್ಕೆ ದಿನಗಟ್ಟಲೆ ಕಾಯಬೇಕು.

ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ ಮೈ ಬೆಚ್ಚಗಾದ ಕೂಡಲೇ ಆ ಚೀಟಿಗೆ ಕೈ ಚಾಚುತ್ತೇನೆ. ಯಾಕೆ ಅಂತ ಕೆದಕಿದರೆ ಸಿಗುವುದು ಅಷ್ಟೇನೂ ಚೆಂದದ್ದಲ್ಲ. ಹೆಸರಿದ್ದ ಕಾಯಿಲೆಗೆ ರಜೆ ಸಿಗುತ್ತದೆ, ಮನೆಯಲ್ಲಿ ಮರ್ಯಾದೆ ಸಿಗುತ್ತದೆ. 'ಯಾವುದೋ ವೈರಸ್, ತಾನಾಗಿ ಹೋಗ್ತದ, ನೀರು ಕುಡೀರಿ' ಎನ್ನುವ ಪ್ರಾಮಾಣಿಕ ಡಾಕ್ಟರಿಗಿಂತ, 'ಪಾಸಿಟಿವ್' ಎಂಬುದರ ಕೆಳಗೆ ಕೆಂಪು ಗೆರೆ ಎಳೆದು ಸಲಾಯಿನ್ ಹಚ್ಚುವವರೇ ನನಗೆ ಕಾಳಜಿಯವರಾಗಿ ಕಾಣುತ್ತಾರೆ. ಅವರು ನನಗೆ ಮೋಸ ಮಾಡಿದರು ಎನ್ನಲಾರೆ. ನಾನು ಕೊಳ್ಳಲು ಹೋದದ್ದೇ ನಿಶ್ಚಿಂತೆ, ಅದನ್ನು ಕೊಟ್ಟರು. ಅದರ ಬೆಲೆ ಮಾತ್ರ ನಾನೊಬ್ಬನೇ ತೆರುವುದಿಲ್ಲ. ಒಂದು ಕಾಲಕ್ಕೆ ಟೈಫಾಯ್ಡಿಗೆ ಕ್ಲೋರಾಂಫೆನಿಕಾಲ್ ನಾಟುತ್ತಿತ್ತು, ಆಮೇಲೆ ಸಿಪ್ರೊಫ್ಲಾಕ್ಸಸಿನ್. ಬೇಕಾದವರು, ಬೇಡವಾದವರು ಎಲ್ಲರೂ ನುಂಗಿ ನುಂಗಿ ಬ್ಯಾಕ್ಟೀರಿಯಾ ಒಂದೊಂದಕ್ಕೇ ಒಗ್ಗಿಕೊಂಡಿತು.

ಕೊರೋನಾ ಕಾಲದಲ್ಲಿ ಈ ಚಪಲ ದಿಕ್ಕು ಬದಲಿಸಿತು. ಆಗ ನನಗೆ ಬೇಕಾದದ್ದು ಕಾಯಿಲೆಯ ಹೆಸರಲ್ಲ, ನಾನು ಗಟ್ಟಿ ಎಂಬ ಸರ್ಟಿಫಿಕೇಟು. 2020ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ನಡೆಸಿದ ಸಮೀಕ್ಷೆಯಲ್ಲಿ ಶೇ 27.3ರಷ್ಟು ಜನರಿಗೆ ಸೋಂಕು ಬಂದುಹೋಗಿದೆ, ಇಲ್ಲವೇ ಆಗ ಇದೆ ಎಂಬ ಅಂದಾಜು ಸಿಕ್ಕಿತು. ಪ್ರತಿಕಾಯ ಪರೀಕ್ಷೆ ಹೇಳಿ ಮಾಡಿಸಿದ್ದೇ ಅಂಥ ಕೆಲಸಕ್ಕೆ, ಇಡೀ ನಾಡಿನ ಲೆಕ್ಕ ಹಿಡಿಯಲಿಕ್ಕೆ. ನಾನು ಅದರಿಂದ ನನ್ನೊಬ್ಬನ ಎದೆಯಳತೆ ತೆಗೆಯಲು ಹೊರಟೆ. ಲಸಿಕೆಯ ಎರಡನೇ ಡೋಸ್ ಆದ ಮೇಲೆ ಧಾರವಾಡಕ್ಕೆ ಹೋಗಿ ಐಜಿಜಿ ಪ್ರತಿಕಾಯದ ಪರೀಕ್ಷೆ ಮಾಡಿಸಿದೆ. ಭಾವನದಕ್ಕಿಂತ ನನ್ನ ಅಂಕಿ ಹೆಚ್ಚಿತ್ತು, ಅದನ್ನು ಅವನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಅವನ ಕಿಟ್ಟೇ ಬೇರೆ, ಅಳತೆಯ ಮಾನವೇ ಬೇರೆ. ಅದಕ್ಕಿಂತ ದೊಡ್ಡ ಮಾತೆಂದರೆ, ರಕ್ತದಲ್ಲಿ ತೇಲುವ ಪ್ರತಿಕಾಯ ತಿಂಗಳು ಕಳೆದಂತೆ ಇಳಿಯುವುದು ಸಹಜ. ಹಳೆಯ ವೈರಿಯನ್ನು ಗುರುತಿಡುವ ಬಿ ಮತ್ತು ಟಿ ಕೋಶಗಳು ಈ ಚೀಟಿಯ ಕಣ್ಣಿಗೆ ಬೀಳುವುದೇ ಇಲ್ಲ.

ಹುಬ್ಬಳ್ಳಿಯ ಕಿಮ್ಸ್‌ನಲ್ಲಿ ಪ್ಲಾಸ್ಮಾ ಚಿಕಿತ್ಸೆ ಯಶಸ್ವಿಯಾಯಿತು ಎಂಬ ಸುದ್ದಿ ಬಂದದ್ದು 2020ರ ಮೇ ತಿಂಗಳಲ್ಲಿ. ಗುಣವಾದವರ ಪ್ರತಿಕಾಯವನ್ನು ರೋಗಿಗೆ ಏರಿಸುವುದು! ನಮ್ಮ ಜಿಲ್ಲೆಯ ಹೆಮ್ಮೆ ಎಂದು ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದ್ದೆ. ಮುಂದೆ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪ್ರಯೋಗ ನಡೆಸಿ ನೋಡಿದಾಗ ಅದರಿಂದ ಸಾವು ತಗ್ಗಲಿಲ್ಲ. 2021ರ ಮೇನಲ್ಲಿ ಸರ್ಕಾರಿ ಮಾರ್ಗಸೂಚಿಯಿಂದಲೇ ಅದನ್ನು ಕೈಬಿಟ್ಟರು. ಆ ಸುದ್ದಿಯನ್ನು ನಾನು ಯಾರಿಗೂ ಓದಿ ಹೇಳಲಿಲ್ಲ.

ಈ ಸಲ ಜ್ವರ ಮಗನಿಗೆ. ಡೆಂಗಿ ಪರೀಕ್ಷೆಯ ಚೀಟಿಯಲ್ಲಿ ಮೂರು ಸಾಲು. ಎನ್‌ಎಸ್1 ವೈರಸ್ಸಿನದೇ ಅಂಶ, ಮೊದಲ ದಿನಗಳಲ್ಲೇ ಕಾಣಬೇಕಾದದ್ದು: ನೆಗೆಟಿವ್. ಐಜಿಎಂ ನಾಲ್ಕೈದು ದಿನಕ್ಕೆ ಮೂಡುವ ಹೊಸ ಪ್ರತಿಕಾಯ: ಅದೂ ನೆಗೆಟಿವ್. ವರ್ಷಗಟ್ಟಲೆ ಉಳಿಯುವ ಐಜಿಜಿ ಒಂದೇ ಪಾಸಿಟಿವ್.

'ಪಾಸಿಟಿವ್ ಅದನಲ್ಲೋ?' ಅಂದಳು ಅವ್ವ.

'ಅದು ಹಳೇದಬೇ. ಹಿಂದ ಎಂದೋ ಬಂದು ಹೋಗಿದ್ದು.'

'ಹಂಗಾರ ಈಗಿಂದು ಏನು?'

'ಇನ್ನೂ ಗೊತ್ತಾಗಿಲ್ಲ. ಎರಡು ದಿನ ನೋಡೂಣು ಅಂದಾರ ಡಾಕ್ಟರು.'

ಟೈಫಾಯ್ಡಿಂದೂ ಒಂದು ಮಾಡಿಸಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮಧ್ಯಾಹ್ನ ಓಣಿಯವರು ಮಾತಾಡಿಸಲು ಬಂದಾಗ ಅವ್ವ ಹೇಳುತ್ತಿದ್ದಳು: 'ಹಳೇ ಡೆಂಗಿ ಅಂತ್ರಿ.' ಅವರು ತಲೆಯಾಡಿಸಿ, ಪಪ್ಪಾಯಿ ಎಲೆಯ ರಸ ಕುಡಿಸಲು ಹೇಳಿ ಹೋದರು.