ಹಾರದ ಈಡು

ಮಳೆ ನಿಂತು ಅರ್ಧ ಗಂಟೆಯಾದರೂ ಊರ ಬಯಲಾದ ಮಂದಿನ ಸುತ್ತಲ ಮರಗಳಿನ್ನೂ ತೊಟ್ಟಿಕ್ಕುತ್ತಿವೆ. ಸೆಪ್ಟೆಂಬರ್ 3, ಕೊಡಗಿನಲ್ಲಿ ಆಯುಧಗಳ ಹಬ್ಬ ಕೈಲ್ ಪೊಳ್ದ್. ನಾಟಿಯ ದಿನಗಳಲ್ಲಿ ಒಳಗಿಟ್ಟಿದ್ದ ಕೋವಿಗಳು ಬೆಳಿಗ್ಗೆ ಕುಲದ ಹಿರಿಮನೆಯಾದ ಐನ್‌ಮನೆಯಲ್ಲಿ ಸಾಲಾಗಿ ನಿಂತು, ನಳಿಗೆಯ ಬಾಯಿಗೆ ಕೆಂಪು ಹಳದಿಯ ಕೋವಿಹೂ, ತೋಕ್ ಪೂ, ಸಿಕ್ಕಿಸಿಕೊಂಡು ಪೂಜೆ ಪಡೆದಿವೆ. ಅಕ್ಕಿಯುಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿಯ ಊಟವಾಗಿದೆ. ಈಗ ಎಲ್ಲರ ಕತ್ತೂ ಮೇಲಕ್ಕೆ. ಎತ್ತರದ ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿ ಇಲ್ಲಿಂದ ನಿಂಬೆಹಣ್ಣಿನಷ್ಟು ಕಾಣುತ್ತದೆ.

ನಾನು ವೈ.ಎನ್.ಹೊಸಕೋಟೆಯ ನೇಕಾರರ ಮನೆಯವನು. ಪಾವಗಡ ಸೀಮೆಯ ಒಣ ಗಾಳಿಯಲ್ಲಿ ಬೆಳೆದ ಕಿವಿಗೆ ಇಲ್ಲಿನ ಸದ್ದೇ ಬೇರೆ. ಪ್ರತಿ ಈಡಿಗೂ ಎದೆಯೊಳಗೊಂದು ಬಾಗಿಲು ಬಡಿದಂತಾಗುತ್ತದೆ. ಪಕ್ಕದ ಮಕ್ಕಳು ಮಾತ್ರ ಕಣ್ಣನ್ನೂ ಮಿಟುಕಿಸುವುದಿಲ್ಲ. ಈ ನಾಡಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸದ್ದನ್ನು ಎಣಿಸುವುದು ಇವರಿಗೆ ಎಳವೆಯಿಂದಲೇ ಬಂದದ್ದು.

ನನ್ನನ್ನು ಹಬ್ಬಕ್ಕೆ ಕರೆದ ಗೆಳೆಯನ ಅಣ್ಣನ ಮಗಳ ಸರದಿ. ಕಾಲೇಜು ಓದುವ ಹುಡುಗಿ. ಅಜ್ಜನ ಹಳೆಯ ಜೋಡುನಳಿಗೆ ಕೋವಿ, ಹನ್ನೆರಡು ಬೋರಿನದು. ಎರಡು ತೋಟಾ ತುಂಬಿ ಮಡಚುತ್ತಾಳೆ. ಹಿಡಿಯನ್ನು ಭುಜದ ಗುಳಿಗೆ ಒತ್ತಿ, ಕೆನ್ನೆ ತಾಗಿಸಿ, ಉಸಿರು ಅರ್ಧ ಬಿಡುತ್ತಾಳೆ. ಸುತ್ತ ಮಾತು ನಿಲ್ಲುತ್ತದೆ.

ಟಿಕ್.

ಅಷ್ಟೇ. ಬೀಗದಲ್ಲಿ ತಪ್ಪು ಕೀಲಿ ತಿರುಗಿಸಿದ ಸದ್ದು.

ನಾನಾಗಿದ್ದರೆ ಕೋವಿ ಇಳಿಸಿ ಏನಾಯಿತೆಂದು ಬಗ್ಗಿ ನೋಡುತ್ತಿದ್ದೆ. ಅವಳು ಅಲುಗಲಿಲ್ಲ. ನಳಿಗೆ ತಿರುಗಿದ್ದ ಕಡೆಯೇ ಇದೆ, ಆಕಾಶಕ್ಕೆ. ಹಿಂದೆ ನಿಂತ ಅಜ್ಜ ಅಂಗೈ ಎತ್ತುತ್ತಾರೆ. ಆ ಅಂಗೈ ನಮಗೆಲ್ಲ ಹೇಳಿದ್ದು ಒಂದೇ, ನಿಂತಲ್ಲೇ ನಿಲ್ಲಿ. ಒಳಗೆ ಕಿಡಿ ಬಿದ್ದಿದ್ದರೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಆ ಗಳಿಗೆಯಲ್ಲಿ ಕೋವಿ ತೆರೆದಿದ್ದರೆ ತೋಟಾ ಮುಖಕ್ಕೇ ಸಿಡಿಯುತ್ತದೆ. ಅವಳ ತುಟಿ ಎಣಿಸುತ್ತಿದೆ. ಹತ್ತು. ಇಪ್ಪತ್ತು. ತೋಳು ನಡುಗಲು ಶುರುವಾದರೂ ನಳಿಗೆ ಇಳಿಯುವುದಿಲ್ಲ. ನಮ್ಮ ಕುಣಿಮಗ್ಗದಲ್ಲಿ ಎಳೆ ಹರಿದಾಗ ಅಪ್ಪ ಹೀಗೆಯೇ ಲಾಳಿ ಹಿಡಿದ ಕೈಯನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದರು. ದುಡುಕಿ ಇನ್ನೊಂದು ಹೊಡೆತ ಹೊಡೆದರೆ ಪಕ್ಕದ ಎಳೆಗಳೂ ಹೋಗುತ್ತವೆ.

ಒಲಿಂಪಿಕ್ಸ್‌ನ ಟ್ರ್ಯಾಪ್ ಕಣದಲ್ಲೂ ಮೊದಲ ಪಾಠ ಇದೇ. ಅಲ್ಲಿ 110 ಮಿಲಿಮೀಟರ್ ಅಗಲದ ಮಣ್ಣಿನ ಬಿಲ್ಲೆ ಹಾರಿ ಹೋಗುತ್ತಿದ್ದಾಗ ಕೋವಿ ಕೈಕೊಟ್ಟರೆ, ರೆಫರಿ ಬಂದು ನೋಡುವವರೆಗೆ ಅದನ್ನು ತೆರೆಯುವಂತಿಲ್ಲ, ಸೇಫ್ಟಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಆ ಬಿಲ್ಲೆ ಕಳೆದುಕೊಂಡಂತೆ. 25 ಬಿಲ್ಲೆಗಳ ಸುತ್ತಿನಲ್ಲಿ ಇಂಥ ತೊಂದರೆಗೆ ಎರಡೇ ಬಾರಿ ಮಾಫಿ.

ಮೂವತ್ತು. ಅಜ್ಜ ತಲೆಯಾಡಿಸುತ್ತಾರೆ. ಅವಳು ಕೋವಿ ಮುರಿದು ಬಲನಳಿಗೆಯ ತೋಟಾ ಎಳೆದು ಅವರ ಕೈಗಿಡುತ್ತಾಳೆ. ನಾನು ಹತ್ತಿರ ಹೋಗುತ್ತೇನೆ.

"ಅಜ್ಜ, ತೋಟಾ ನೆಂದಿತ್ತಾ?"

"ತೋಟಾದ್ದಲ್ಲಪ್ಪ, ಕೋವೀದು. ಇಲ್ಲಿ ನೋಡು."

ಹಿತ್ತಾಳೆಯ ಬುಡದ ನಡುವೆ, ಕೇಪಿನ ಮೇಲೆ, ಉಗುರಿನಿಂದ ಒತ್ತಿದಷ್ಟು ಗುರುತು. ಪಿನ್ ಸರಿಯಾಗಿ ಬಡಿದಿದ್ದರೆ ಅಲ್ಲಿ ಆಳದ ಗುಳಿ ಬಿದ್ದಿರಬೇಕು. ಆಳ ಗುಳಿ ಬಿದ್ದೂ ಹಾರದಿದ್ದರೆ ತೋಟಾದ ಮೇಲೆ ಅನುಮಾನ. ಗುಳಿಯೇ ಬೀಳದಿದ್ದರೆ ಪಿನ್, ಸ್ಪ್ರಿಂಗ್. ಮಳೆಗಾಲದಲ್ಲಿ ತುಕ್ಕು ಹಿಡಿಯದಿರಲೆಂದು, ಮತ್ತೆ ಹಬ್ಬಕ್ಕೆಂದು, ಮನೆಯವರು ಧಾರಾಳವಾಗಿ ಎಣ್ಣೆ ಬಿಟ್ಟಿದ್ದಾರೆ. ಅದು ಪಿನ್ನಿನ ದಾರಿಯಲ್ಲಿ ಥಂಡಿಗೆ ಅಂಟಾಗಿ ಕೂತಿದೆ ಎಂಬುದು ಅಜ್ಜನ ಲೆಕ್ಕ. ಪ್ರೀತಿಯಿಂದ ಮಾಡಿದ ಉಪಚಾರವೇ ಅಡ್ಡ ಬಂದಿದೆ.

ಬಿಚ್ಚಿ ಒರೆಸಲು ಈಗ ಹೊತ್ತಿಲ್ಲ. ಬೇರೆ ಕೋವಿ ಕೊಡುತ್ತೇವೆಂದು ಇಬ್ಬರು ಮುಂದೆ ಬರುತ್ತಾರೆ. ಅವಳು ಬೇಡವೆನ್ನುತ್ತಾಳೆ. ಜೋಡುನಳಿಗೆ ಎಂದರೆ ಒಂದೇ ಹಿಡಿಗೆ ಕೂಡಿಸಿದ ಎರಡು ಕೋವಿ. ಎಡನಳಿಗೆಗೆ ಅದರದ್ದೇ ಪಿನ್, ಅದರದ್ದೇ ಟ್ರಿಗರ್. ಆದರೆ ಕೈಗೆ ಅದು ಬೇರೆಯೇ ಕೋವಿ. ಟ್ರಿಗರ್ ಒಂದಿಷ್ಟು ಹಿಂದಿದೆ, ಬೆರಳು ಮಡಚಬೇಕು. ಎಡನಳಿಗೆಯ ಬಾಯಿಯೂ ಕಿರಿದು, ಚರೆಗಳು ಚದುರದೆ ಗುಂಪಾಗಿ ಹೋಗುತ್ತವೆ. ಎತ್ತರಕ್ಕೆ ಒಳ್ಳೆಯದೇ. ಆದರೆ ಗುರಿ ಚೂರು ತಪ್ಪಿದರೂ ಒಂದು ಚರೆಯೂ ತಾಗುವುದಿಲ್ಲ.

ಬಲನಳಿಗೆ ಖಾಲಿ ಬಿಟ್ಟು ಮಡಚುತ್ತಾಳೆ. ಕೋವಿ ಏರಿಸದೆ ಹಿಂದಿನ ಟ್ರಿಗರಿನ ಹತ್ತಿರ ಬೆರಳನ್ನು ಎರಡು ಸಲ ಒಯ್ದು ತರುತ್ತಾಳೆ, ದಾರಿ ನೆನಪಿಟ್ಟುಕೊಳ್ಳುವಂತೆ. ಆಮೇಲೆ ಹಿಡಿ ಭುಜಕ್ಕೆ, ಕೆನ್ನೆ ಹಿಡಿಗೆ.

ಈ ಸಲ ನನ್ನ ಎದೆಯ ಬಾಗಿಲು ಬಡಿಯುತ್ತದೆ. ಮೇಲೆ ನಾರು ಸಿಡಿದು, ಬಿಳಿಯ ಹೋಳೊಂದು ಎಲೆಗಳ ನಡುವೆ ತಡವರಿಸುತ್ತಾ ಇಳಿಯುತ್ತದೆ. ಎಳನೀರೋ ಮಳೆಯ ಹನಿಯೋ ನನ್ನ ಹಣೆಗೆ ಬೀಳುತ್ತದೆ. ಮಕ್ಕಳು ಹೋಳಿಗಾಗಿ ಓಡುತ್ತಾರೆ. ಅವಳು ಮಾತ್ರ ಕೋವಿ ಮುರಿದು, ಹೊಗೆಯಾಡುವ ತೋಟಾ ತೆಗೆದು, ಬಲನಳಿಗೆಯ ಬುಡದ ಸಣ್ಣ ತೂತನ್ನು ಬೆಳಕಿಗೆ ಹಿಡಿದು ನೋಡುತ್ತಾ ಅಜ್ಜನನ್ನು ಒಂದು ಚೂರು ಒಣಬಟ್ಟೆ ಕೇಳುತ್ತಿದ್ದಾಳೆ.